ಲೇಬಲ್‌ನಲ್ಲಿ ಬಿಟ್ಟುಹೋದ ಒಂದು ಪದದ ಬೆಲೆ

ಸರಕು ಕೆಟ್ಟಿರುವುದಿಲ್ಲ, ತೂಕದಲ್ಲಿ ಕೊರತೆಯಿರುವುದಿಲ್ಲ. ಆದರೂ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾದ ಪ್ರಸಂಗ ಆಹಾರೋದ್ಯಮದಲ್ಲಿ ಒದಗುವುದುಂಟು. ಕಡಲೆಕಾಯಿ, ಹಾಲು, ಗೋಧಿಯಂತಹ ಅಲರ್ಜಿಕಾರಕ ಅಂಶವು ಪೊಟ್ಟಣದಲ್ಲಿದ್ದು ಲೇಬಲ್‌ನಲ್ಲಿ ನಮೂದಾಗದಿರುವುದೇ ಇದಕ್ಕೆ ಕಾರಣ. ತೀವ್ರ ಅಲರ್ಜಿಯುಳ್ಳವರಿಗೆ ಇದರ ಅತ್ಯಲ್ಪ ಪ್ರಮಾಣವೂ ಪ್ರಾಣಾಂತಿಕವಾಗಬಲ್ಲದು.

ಅಮೆರಿಕದಲ್ಲಿ 2004ರ ಕಾಯ್ದೆಯನ್ವಯ ಎಂಟು ಅಲರ್ಜಿಕಾರಕಗಳ ನಮೂದು 2006ರಿಂದ ಕಡ್ಡಾಯವಾಯಿತು. 2023ರಲ್ಲಿ ಎಳ್ಳೂ ಸೇರಿತು. ಅಲ್ಲಿ 2014ರ ಡಿಸೆಂಬರಿನಿಂದ ಮುಂದಿನ ಕೆಲವು ತಿಂಗಳಲ್ಲಿ ನೂರಾರು ಉತ್ಪನ್ನಗಳನ್ನು ಹಿಂಪಡೆಯಲಾಯಿತು. ಜೀರಿಗೆ ಪುಡಿಯಲ್ಲಿ ಕಡಲೆಕಾಯಿಯ ಅಂಶ ಪತ್ತೆಯಾಗಿತ್ತು. ಆ ಪುಡಿಯನ್ನು ಕೊಂಡು ಮಸಾಲೆ, ಮಾಂಸೋತ್ಪನ್ನ ತಯಾರಿಸಿದವರೆಲ್ಲರೂ ಅದರ ಹೊರೆ ಹೊರಬೇಕಾಯಿತು.

ನಮ್ಮಲ್ಲಿಯೂ 2020ರ ಲೇಬಲಿಂಗ್ ನಿಯಮಾವಳಿಯು ಗ್ಲುಟೆನ್‌ಯುಕ್ತ ಧಾನ್ಯ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ, ಗೋಡಂಬಿಯಂತಹ ಬೀಜಗಳು, ಸೋಯಾ ಮುಂತಾದವನ್ನು ಪ್ರತ್ಯೇಕವಾಗಿ ಘೋಷಿಸಬೇಕೆಂದು ವಿಧಿಸಿದೆ. ಸಾಂಬಾರ್ ಪುಡಿಯ ಉದಾಹರಣೆಯನ್ನೇ ನೋಡೋಣ. ಮಾರುಕಟ್ಟೆಯ ಕೂಟು ಇಂಗಿನಲ್ಲಿ ಅನೇಕ ವೇಳೆ ಗೋಧಿ ಹಿಟ್ಟು ಬೆರೆತಿರುತ್ತದೆ. ಲೇಬಲ್‌ನಲ್ಲಿ ‘ಇಂಗು’ ಎಂದಷ್ಟೇ ಬರೆದರೆ ಗೋಧಿ ಮರೆಯಾಗುತ್ತದೆ.

ಇದರ ಆರ್ಥಿಕ ಪರಿಣಾಮಗಳನ್ನು ಗಮನಿಸತಕ್ಕದ್ದು. 2006ರ ಆಹಾರ ಸುರಕ್ಷತಾ ಕಾಯ್ದೆಯ 52ನೇ ಕಲಮಿನಂತೆ ತಪ್ಪು ಲೇಬಲ್‌ಗೆ 3 ಲಕ್ಷ ರೂಪಾಯಿಗಳವರೆಗೆ ದಂಡವುಂಟು. ಹಿಂಪಡೆದ ಸರಕನ್ನು ನಾಶಪಡಿಸಿದರೆ ಜಿಎಸ್‌ಟಿ ಕಾಯ್ದೆಯ 17(5)(ಎಚ್) ಪ್ರಕಾರ ಅದರ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯದು, ಪಡೆದಿದ್ದರೆ ಹಿಂತಿರುಗಿಸಬೇಕು. ಸಾಗಣೆ ವೆಚ್ಚ, ಮಾರಾಟಗಾರರಿಗೆ ಮರುಪಾವತಿ ಇವು ಬೇರೆ. ಸಾಮಾನ್ಯ ವಿಮಾ ಪಾಲಿಸಿ ಹಿಂಪಡೆಯುವ ವೆಚ್ಚವನ್ನು ಭರಿಸುತ್ತದೆಂದು ಭಾವಿಸದೆ ಷರತ್ತುಗಳನ್ನು ಓದಿ ಖಚಿತಪಡಿಸಿಕೊಳ್ಳುವುದು ಲೇಸು.

ಪರಿಹಾರವು ಬಹುಮಟ್ಟಿಗೆ ಲೆಕ್ಕಪುಸ್ತಕದಲ್ಲಿಯೇ ಇದೆ. ಮೊದಲನೆಯದಾಗಿ, ಪ್ರತಿ ಕಚ್ಚಾವಸ್ತುವಿಗೂ ಅದರ ಘಟಕಗಳ ವಿವರವನ್ನು ಪೂರೈಕೆದಾರರಿಂದ ಬರಹದಲ್ಲಿ ಪಡೆಯಬೇಕು. ಪೂರೈಕೆದಾರರು ಬದಲಾದಾಗ ಮತ್ತೊಮ್ಮೆ ಪಡೆಯಬೇಕು. ಎರಡನೆಯದಾಗಿ, ಯಾವ ಬಿಲ್ಲಿನ ಸರಕು ಯಾವ ಬ್ಯಾಚಿಗೆ ಹೋಯಿತು, ಆ ಬ್ಯಾಚ್ ಯಾರಿಗೆ ಮಾರಾಟವಾಯಿತು ಎಂಬುದನ್ನು ದಾಸ್ತಾನು ವಹಿಯಲ್ಲಿ ನಮೂದಿಸಬೇಕು. ಈ ದಾಖಲೆಯಿದ್ದವರು ಒಂದು ಬ್ಯಾಚನ್ನು ಹಿಂಪಡೆದು ಪಾರಾಗಬಹುದು. ಇಲ್ಲದವರು ಇಡೀ ತಿಂಗಳ ಉತ್ಪಾದನೆಯನ್ನೇ ಹಿಂಪಡೆಯಬೇಕಾದೀತು. ಮೂರನೆಯದಾಗಿ, ಹೊಸ ಲೇಬಲ್ ಮುದ್ರಣಕ್ಕೆ ಕಳುಹಿಸುವ ಮುನ್ನ ಖರೀದಿ ಬಿಲ್ಲುಗಳೊಂದಿಗೆ ತಾಳೆ ನೋಡಬೇಕು.

ಇವುಗಳಿಗೆ ತಗಲುವ ಖರ್ಚು ಅತ್ಯಲ್ಪ. ಗ್ರಾಹಕರ ಜೀವರಕ್ಷಣೆಯೊಡನೆ ಉದ್ಯಮದ ಬಂಡವಾಳವೂ ಇದರಿಂದ ಉಳಿಯುತ್ತದೆ ಎಂಬುದನ್ನು ಸದಸ್ಯ ಬಾಂಧವರು ಮನಗಾಣಬೇಕಾಗಿದೆ.