ಟಿಕೆಟ್ ದರವೇ ಪ್ರವಾಸದ ದರವಲ್ಲ

ರಜೆ ಹತ್ತಿರ ಬಂದಂತೆ ಮಕ್ಕಳ ಒತ್ತಾಯ ಶುರುವಾಗುತ್ತದೆ: ಈ ಸಲ ವಂಡರ್‌ಲಾಗೆ ಹೋಗಲೇಬೇಕು. ಅಪ್ಪ ಮೊಬೈಲಿನಲ್ಲಿ ದರ ನೋಡಿ, ತಲೆಗಿಷ್ಟು ಎಂದು ಗುಣಿಸಿ, ಪೆಟ್ರೋಲಿಗೆ ಒಂದಿಷ್ಟು ಸೇರಿಸುತ್ತಾರೆ. ಅಲ್ಲಿಗೆ ಬಜೆಟ್ ಮುಗಿಯಿತು. ಸಂಜೆ ಮರಳುವಾಗ ಖರ್ಚು ಅಂದುಕೊಂಡದ್ದನ್ನು ದಾಟಿರುತ್ತದೆ. ಅದಕ್ಕಿಂತ ಬೇಸರದ ಸಂಗತಿಯೆಂದರೆ, ಕೊಟ್ಟ ದುಡ್ಡಿಗೆ ತಕ್ಕಷ್ಟು ಆಟ ಮನೆಯ ಅರ್ಧ ಮಂದಿಗೆ ಸಿಕ್ಕಿರುವುದಿಲ್ಲ. ಪಾರ್ಕು ದುಬಾರಿ ಎಂದು ದೂರಿ ಸುಮ್ಮನಾಗುವುದು ಸುಲಭ. ಆದರೆ ಇಂಥ ಪಾರ್ಕುಗಳು ಯಾವುದಕ್ಕೆ ಹಣ ಪಡೆಯುತ್ತವೆ, ಯಾವುದಕ್ಕೆ ಇಲ್ಲ ಎಂಬುದರ ಬಗ್ಗೆ ನಮ್ಮಲ್ಲಿರುವ ತಪ್ಪು ತಿಳಿವಳಿಕೆಯೂ ಅಷ್ಟೇ ಕಾರಣ.

"ಅಜ್ಜಿ ಯಾವ ಆಟವನ್ನೂ ಆಡುವುದಿಲ್ಲ, ಅವರಿಗೇಕೆ ಟಿಕೆಟ್?"

ಈ ಪ್ರಶ್ನೆ ಜಾತ್ರೆಯ ಲೆಕ್ಕದಿಂದ ಹುಟ್ಟಿದ್ದು. ಜಾತ್ರೆಯಲ್ಲಿ ಒಳಗೆ ಹೋಗಲು ಕಾಸಿಲ್ಲ, ಜೈಂಟ್ ವೀಲ್ ಹತ್ತಿದರೆ ಮಾತ್ರ ಕಾಸು. ಥೀಮ್ ಪಾರ್ಕುಗಳೂ ಒಂದು ಕಾಲಕ್ಕೆ ಇದಕ್ಕೆ ಹತ್ತಿರವೇ ಇದ್ದವು. ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ತೆರೆದಾಗ ಪ್ರವೇಶಕ್ಕೆ ಸಣ್ಣ ಮೊತ್ತ, ಪ್ರತಿ ಆಟಕ್ಕೆ ಪ್ರತ್ಯೇಕ ಚೀಟಿ. ಮುಂದೆ ಎ, ಬಿ, ಸಿ ಎಂದು ದರ್ಜೆ ಹಾಕಿದ ಚೀಟಿಗಳ ಪುಸ್ತಕ ಬಂತು. 1982ರಲ್ಲಿ ಆ ಪುಸ್ತಕ ಹೋಗಿ, ಬಾಗಿಲಲ್ಲಿ ಒಮ್ಮೆ ಕೊಟ್ಟರೆ ಒಳಗಿನ ಆಟವೆಲ್ಲ ಆಡಬಹುದು ಎಂಬ ಪದ್ಧತಿ ನೆಲೆಯೂರಿತು. ಬೆಂಗಳೂರು–ಮೈಸೂರು ರಸ್ತೆಯ ಬಿಡದಿ ಬಳಿ 2005ರಲ್ಲಿ ಶುರುವಾದ ವಂಡರ್‌ಲಾ ಕೂಡ ಇದೇ ಪದ್ಧತಿಯದು. ನೀವು ಕೊಡುವುದು ಆಟದ ಬೆಲೆಯಲ್ಲ, ಬಾಗಿಲು ದಾಟುವ ಬೆಲೆ. ಬೆಂಚಿನ ಮೇಲೆ ಕೂತು ದಿನ ಕಳೆದವರೂ ಪಾರ್ಕಿನ ಲೆಕ್ಕದಲ್ಲಿ ಒಬ್ಬರೇ, ಹದಿನೈದು ಆಟ ಆಡಿದವರೂ ಒಬ್ಬರೇ.

ಹಿರಿಯರಿಗೆ ರಿಯಾಯಿತಿ ಇದೆ, ನಿಜ. ಆದರೂ ಅಜ್ಜ ಅಜ್ಜಿಯರನ್ನು ಕರೆದೊಯ್ಯುವ ಮೊದಲು ಅವರಿಗೆ ಬರುವ ಮನಸ್ಸಿದೆಯೇ ಎಂದು ಕೇಳುವುದು ಒಳ್ಳೆಯದು. ಮೊಮ್ಮಕ್ಕಳು ಕೇಕೆ ಹಾಕುವುದನ್ನು ನೋಡುವುದೇ ಸುಖ ಎನ್ನುವವರು ಖಂಡಿತ ಬರಲಿ. ಬಿಸಿಲಲ್ಲಿ ಅಷ್ಟು ಹೊತ್ತು ಕೂರಲಾಗದು ಎನ್ನುವವರಿಗೆ ಅದೇ ಮೈಸೂರು ರಸ್ತೆಯಲ್ಲಿ, ರಾಮನಗರದ ಹತ್ತಿರ, ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವೆಂಬ ಜಾನಪದ ಸಂಗ್ರಹಾಲಯವಿದೆ. ಕುಟುಂಬ ಎರಡು ಗುಂಪಾಗಿ ಒಂದು ಗುಂಪು ಅಲ್ಲಿಗೆ ಹೋಗಿ ಬಂದರೆ ಖರ್ಚೂ ಕಡಿಮೆ, ಹಿರಿಯರ ದಿನವೂ ತುಂಬುತ್ತದೆ. ಒಟ್ಟಿಗೆ ಹೋಗಬೇಕು ಎಂಬ ಹಟದಿಂದ ಹಿರಿಯರನ್ನು ದಣಿಸುವುದಕ್ಕಿಂತ ಇದು ಮೇಲು.

"ಮಗುವಿಗೆ ಹತ್ತು ವರ್ಷ ತುಂಬಿಲ್ಲ, ಹಾಫ್ ಟಿಕೆಟ್ ಸಾಕು"

ಬಸ್ಸಿನ ಹಾಫ್ ಟಿಕೆಟ್ ನಮಗೆ ಕಲಿಸಿದ ರೂಢಿ ಇದು. ಇಲ್ಲಿ ಎರಡು ತಪ್ಪುಗಳಿವೆ. ಮೊದಲನೆಯದು, ಮಕ್ಕಳ ಟಿಕೆಟ್ ಅರ್ಧ ದರದ್ದಲ್ಲ. ದೊಡ್ಡವರ ದರಕ್ಕಿಂತ ಸ್ವಲ್ಪ ಕಡಿಮೆ, ಅಷ್ಟೇ. ಎರಡನೆಯದು, ವಂಡರ್‌ಲಾದಲ್ಲಿ ಕೇಳುವುದು ವಯಸ್ಸನ್ನಲ್ಲ, ಎತ್ತರವನ್ನು. 85 ಸೆಂಟಿಮೀಟರ್‌ಗಿಂತ ಕಡಿಮೆ ಇರುವ ಕೂಸಿಗೆ ಪ್ರವೇಶ ಉಚಿತ. 85ರಿಂದ 140 ಸೆಂಟಿಮೀಟರ್‌ವರೆಗೆ ಮಕ್ಕಳ ಟಿಕೆಟ್. 140 ದಾಟಿದರೆ ದೊಡ್ಡವರ ಟಿಕೆಟ್. ಚೆನ್ನಾಗಿ ಬೆಳೆದ ಮಗು ಹತ್ತು ಹನ್ನೊಂದರ ಹೊತ್ತಿಗೆ ಆ ಗೆರೆ ದಾಟುವುದು ಅಪರೂಪವೇನಲ್ಲ. ಹುಟ್ಟಿದ ದಿನಾಂಕದ ದಾಖಲೆ ಹಿಡಿದು ಕೌಂಟರಿನಲ್ಲಿ ವಾದಿಸಿದರೆ ಪ್ರಯೋಜನವಿಲ್ಲ.

ಆದ್ದರಿಂದ ಬುಕ್ ಮಾಡುವ ಹಿಂದಿನ ದಿನ ಮಗುವನ್ನು ಗೋಡೆಗೆ ಒರಗಿಸಿ, ಚಪ್ಪಲಿ ಬಿಚ್ಚಿಸಿ, ಟೇಪಿನಿಂದ ಅಳೆಯಿರಿ. ಇದರಿಂದ ಇನ್ನೊಂದು ಲಾಭವೂ ಇದೆ. ದೊಡ್ಡ ರೋಲರ್ ಕೋಸ್ಟರ್‌ನಂಥ ಆಟಗಳಿಗೆ ಸುರಕ್ಷತೆಗಾಗಿ ಕನಿಷ್ಠ ಎತ್ತರದ ನಿಯಮವಿರುತ್ತದೆ. ಮಗು ಯಾವ ಆಟಕ್ಕೆ ಸಲ್ಲುತ್ತದೆ, ಯಾವುದಕ್ಕಿಲ್ಲ ಎಂಬುದು ಮನೆಯಲ್ಲೇ ತಿಳಿದಿದ್ದರೆ, ಅರ್ಧ ಗಂಟೆ ಸಾಲಿನಲ್ಲಿ ನಿಂತು ಕೊನೆಗೆ ಕಣ್ಣೀರಿಡುವ ಪ್ರಸಂಗ ತಪ್ಪುತ್ತದೆ. ಆಟ ನಡೆಸುವ ಸಿಬ್ಬಂದಿಗೆ "ಒಂದೆರಡು ಸೆಂಟಿಮೀಟರ್ ತಾನೆ, ಬಿಡಿ" ಎಂದು ದಮ್ಮಯ್ಯ ಹಾಕುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಸೀಟಿನ ಬಿಗಿಪಟ್ಟಿ ಇಷ್ಟೇ ಎತ್ತರದ ಮೈಗೆಂದು ಲೆಕ್ಕ ಹಾಕಿ ಮಾಡಿದ್ದು. ಅಲ್ಲಿ ರಿಯಾಯಿತಿ ಕೇಳುವ ಮಾತೇ ಇಲ್ಲ.

"ಯಾವ ದಿನ ಹೋದರೂ ಒಂದೇ"

ಎಲ್ಲಕ್ಕಿಂತ ಹೆಚ್ಚು ದುಡ್ಡು ಕಳೆಯುವ ನಂಬಿಕೆ ಇದು. ವಾರದ ದಿನಕ್ಕೊಂದು ದರ, ಶನಿವಾರ ಭಾನುವಾರಕ್ಕೆ ಇನ್ನೊಂದು, ಹಬ್ಬ ಮತ್ತು ರಜೆಯ ದಿನಗಳಿಗೆ ಮತ್ತೊಂದು. ದೊಡ್ಡ ಪಾರ್ಕುಗಳ ದರಪಟ್ಟಿ ಈಗ ಹೀಗೇ ಇದೆ. ಡಿಸ್ನಿಯ ಪಾರ್ಕುಗಳೂ 2016ರಿಂದೀಚೆಗೆ ಇದೇ ದಾರಿ ಹಿಡಿದಿವೆ. ಆದರೆ ದರದ ಅಂತರ ಇದರ ಚಿಕ್ಕ ಭಾಗ. ದೊಡ್ಡ ನಷ್ಟ ಇರುವುದು ಸಾಲಿನಲ್ಲಿ.

ಒಂದು ಲೆಕ್ಕ ಹಾಕೋಣ. ಅಂಕಿಗಳು ಲೆಕ್ಕಕ್ಕೆಂದು ಇಟ್ಟುಕೊಂಡವು. ಭಾನುವಾರ ತಲೆಗೆ 1,800 ರೂಪಾಯಿ ಕೊಟ್ಟು, ನೂಕುನುಗ್ಗಲಿನಲ್ಲಿ ಆರು ಆಟ ಆಡಿದರೆ ಒಂದು ಆಟಕ್ಕೆ 300 ರೂಪಾಯಿ ಬಿತ್ತು. ಮಂಗಳವಾರ 1,500 ಕೊಟ್ಟು ಹದಿನೈದು ಆಟ ಆಡಿದರೆ ಒಂದಕ್ಕೆ 100. ಟಿಕೆಟ್ ದರದಲ್ಲಿ ಉಳಿದದ್ದು 300 ರೂಪಾಯಿ ಮಾತ್ರ, ಆದರೆ ಕೈಗೆ ಸಿಕ್ಕಿದ ಆಟ ಎರಡೂವರೆ ಪಟ್ಟು. ನಾಲ್ಕು ಜನರ ಕುಟುಂಬ ದಿನದ ಸಂಬಳ ಕಡಿತವಾದರೂ ಸರಿ ಎಂದು ವಾರದ ದಿನ ರಜೆ ಹಾಕಿದರೆ, ಬಹುತೇಕ ಸಲ ಅದೇ ಲಾಭ. ಶಾಲೆಯ ವಾರ್ಷಿಕೋತ್ಸವದ ಮರುದಿನದ ರಜೆ, ಆ ಊರಿಗೆ ಮಾತ್ರ ಇರುವ ಸ್ಥಳೀಯ ರಜೆ, ನಿಮ್ಮ ಮಗುವಿನ ಪರೀಕ್ಷೆ ಮುಗಿದು ಇತರ ತರಗತಿಗಳಿಗೆ ಇನ್ನೂ ಪರೀಕ್ಷೆ ನಡೆಯುತ್ತಿರುವ ವಾರ, ಇಂಥ ದಿನಗಳನ್ನು ಹುಡುಕಿ. ದಸರಾ ರಜೆ, ಕ್ರಿಸ್‌ಮಸ್ ವಾರ, ಮೇ ತಿಂಗಳ ಭಾನುವಾರಗಳನ್ನು ಬಿಟ್ಟುಬಿಡಿ.

ಅನಿವಾರ್ಯವಾಗಿ ಅಂಥ ದಿನವೇ ಹೋಗಬೇಕಾದರೆ ಮಾತ್ರ ಹೆಚ್ಚು ಹಣ ಕೊಟ್ಟು ಸಾಲು ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಬಗ್ಗೆ ಯೋಚಿಸಬಹುದು. ಅದು ಶ್ರೀಮಂತರ ಷೋಕಿಯೂ ಅಲ್ಲ, ಎಲ್ಲ ದಿನವೂ ಬೇಕಾದ್ದೂ ಅಲ್ಲ. ಜನವಿಲ್ಲದ ಬುಧವಾರ ಅದನ್ನು ಕೊಳ್ಳುವುದು ಶುದ್ಧ ದಂಡ.

"ಬುತ್ತಿ ಕಟ್ಟಿಕೊಂಡು ಹೋದರೆ ಊಟದ ಖರ್ಚಿಲ್ಲ"

ಚಿತ್ರಾನ್ನ, ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೊರಡುವುದು ನಮ್ಮ ಪ್ರವಾಸದ ಒಳ್ಳೆಯ ಗುಣ. ಆದರೆ ವಂಡರ್‌ಲಾದಂಥ ಕಡೆ ಹೊರಗಿನ ಆಹಾರವನ್ನು ಒಳಗೆ ಬಿಡುವುದಿಲ್ಲ. ಬಾಗಿಲಲ್ಲೇ ಚೀಲ ನೋಡುತ್ತಾರೆ. ಹಸುಗೂಸಿನ ಆಹಾರಕ್ಕೆ ವಿನಾಯಿತಿ. ಹಾಗಾಗಿ ಒಂದು ಊಟ, ಸಂಜೆಯ ತಿಂಡಿ ಒಳಗಿನ ದರದಲ್ಲೇ ಎಂದು ಮೊದಲೇ ಬರೆದಿಡಿ. ಉಳಿಸುವ ಜಾಗ ಬೇರೆ ಇದೆ. ಪಾರ್ಕಿನ ಹತ್ತಿರವೇ ಬಿಡದಿ ಇದೆ. ತಟ್ಟೆ ಇಡ್ಲಿಗೆ ಹೆಸರಾದ ಊರು. ಬೆಳಗ್ಗೆ ಅಲ್ಲಿ ಹೊಟ್ಟೆ ತುಂಬ ತಿಂದು ಹೋದರೆ ಮಧ್ಯಾಹ್ನದವರೆಗೆ ಯಾರೂ ಅಂಗಡಿಯ ಕಡೆ ಕೈ ತೋರಿಸುವುದಿಲ್ಲ. ಕಟ್ಟಿಕೊಂಡ ಬುತ್ತಿ ಕಾರಿನಲ್ಲಿರಲಿ, ಮರಳುವ ದಾರಿಗೆ ಆದೀತು. ಬೇಸಿಗೆಯಾದರೆ ಮೊಸರನ್ನ ಬೇಡ.

ಎಲ್ಲ ಕಡೆಯ ನಿಯಮವೂ ಒಂದೇ ಅಲ್ಲ. ಫ್ಲಾರಿಡಾದ ಒರ್ಲ್ಯಾಂಡೊ ಬಳಿ ಇರುವ ಡಿಸ್ನಿ ವರ್ಲ್ಡ್ ಮನೆಯ ತಿಂಡಿಯನ್ನು ಒಳಗೆ ಬಿಡುತ್ತದೆ, ಕೌಂಟರಿನಲ್ಲಿ ಕೇಳಿದರೆ ಲೋಟ ತಣ್ಣೀರನ್ನು ಪುಕ್ಕಟೆಯಾಗಿ ಕೊಡುತ್ತಾರೆ. ಅಮೆರಿಕದ ಮಗಳ ಮನೆಗೆ ಹೋಗಿ ಅಲ್ಲಿಂದ ಒರ್ಲ್ಯಾಂಡೊ ನೋಡುವ ನಮ್ಮವರು ಇದನ್ನು ತಿಳಿಯದೆ ನೀರಿನ ಬಾಟಲಿಗೆ ಡಾಲರ್ ಎಣಿಸುತ್ತಾರೆ.

"ಕಾರಿನಲ್ಲಿ ಹೋದರೇ ಅಗ್ಗ"

ಐದು ಜನ ತುಂಬಿದ ಕಾರಿಗೆ ಈ ಮಾತು ಒಪ್ಪಬಹುದು. ಉಳಿದವರು ಟೋಲ್, ಪಾರ್ಕಿಂಗ್, ಪೆಟ್ರೋಲ್ ಮೂರನ್ನೂ ಕೂಡಿ ನೋಡಬೇಕು. 2023ರಲ್ಲಿ ತೆರೆದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಟೋಲ್ ಇದೆ. ಅದೇ ವರ್ಷದ ಆಗಸ್ಟ್‌ನಿಂದ ಬೈಕು, ಆಟೋಗಳಿಗೆ ಅಲ್ಲಿ ಪ್ರವೇಶವಿಲ್ಲ, ಅವರು ಸರ್ವಿಸ್ ರಸ್ತೆ ಹಿಡಿಯಬೇಕು. ಬೆಂಗಳೂರು ಮೆಟ್ರೊದ ನೇರಳೆ ಮಾರ್ಗ ಈಗ ಮೈಸೂರು ರಸ್ತೆಯ ಚಲ್ಲಘಟ್ಟದವರೆಗೆ ಬರುತ್ತದೆ. ಮೆಜೆಸ್ಟಿಕ್‌ನಿಂದ ಪಾರ್ಕಿಗೆ ಬಿಎಂಟಿಸಿ ಬಸ್ಸುಗಳಿವೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಐಷಾರಾಮಿ, ಎಸಿ ಬಸ್ಸುಗಳಿಗೆ ಇದು ಅನ್ವಯಿಸದು. ತುಮಕೂರಿನಿಂದಲೋ ಹಾಸನದಿಂದಲೋ ಹೊರಡುವ ಕುಟುಂಬದಲ್ಲಿ ಮೂವರು ಹೆಣ್ಣುಮಕ್ಕಳಿದ್ದರೆ ಬಜೆಟ್‌ನ ಒಂದು ಸಾಲೇ ಖಾಲಿಯಾಗುತ್ತದೆ. ಆ ಹಣ ಊಟಕ್ಕೆ ಹೋಗಲಿ.

"ವಿದೇಶದ ಪಾರ್ಕಿಗೆ ವಿಮಾನದ ಟಿಕೆಟ್ಟೇ ದೊಡ್ಡ ಖರ್ಚು"

ವಿಮಾನದ ದರ ಎದ್ದು ಕಾಣುತ್ತದೆ, ಉಳಿದವು ಮೆಲ್ಲಗೆ ಬರುತ್ತವೆ. ಡಿಸ್ನಿ ವರ್ಲ್ಡ್ ಒಂದು ಪಾರ್ಕಲ್ಲ, ನಾಲ್ಕು. ಸಾಮಾನ್ಯ ಟಿಕೆಟ್‌ನಲ್ಲಿ ದಿನಕ್ಕೆ ಒಂದೇ ಪಾರ್ಕು. ದಿನ ಹೆಚ್ಚಿದಂತೆ ದಿನದ ಸರಾಸರಿ ದರ ಇಳಿಯುತ್ತದೆ, ಹಾಗೆಂದು ಒಟ್ಟು ಮೊತ್ತ ಇಳಿಯುವುದಿಲ್ಲ. ಅಲ್ಲಿ ಲೆಕ್ಕ ಎತ್ತರದ್ದಲ್ಲ, ವಯಸ್ಸಿನದು: ಮೂರು ವರ್ಷದೊಳಗೆ ಉಚಿತ, ಮೂರರಿಂದ ಒಂಬತ್ತರವರೆಗೆ ಮಕ್ಕಳ ದರ, ಹತ್ತು ತುಂಬಿದರೆ ದೊಡ್ಡವರು. ಸಾಲು ತಪ್ಪಿಸುವ ಫಾಸ್ಟ್‌ಪಾಸ್ 1999ರಿಂದ ಉಚಿತವಾಗಿತ್ತು. 2021ರಿಂದ ಆ ಸೌಕರ್ಯಕ್ಕೆ ಹಣ ಕೊಡಬೇಕು. ಹಳಬರ ಸಲಹೆ ನಂಬಿ ಹೋದವರು ಮೋಸ ಹೋಗುವುದು ಇಲ್ಲೇ. ಅಮೆರಿಕದ ಅಂಗಡಿಯ ಚೀಟಿಯಲ್ಲಿ ಬರೆದ ಬೆಲೆಗೆ ತೆರಿಗೆ ಸೇರಿರುವುದಿಲ್ಲ, ಬಿಲ್ಲಿನಲ್ಲಿ ಸೇರುತ್ತದೆ. ವೀಸಾ ಸಿಗದಿದ್ದರೂ ವೀಸಾ ಶುಲ್ಕ ಮರಳಿ ಬರುವುದಿಲ್ಲ. ಕಾರ್ಡು ಉಜ್ಜುವಾಗ "ರೂಪಾಯಿಯಲ್ಲಿ ಪಾವತಿಸುತ್ತೀರಾ?" ಎಂದು ಯಂತ್ರ ಕೇಳಿದರೆ ಬೇಡವೆನ್ನಿ, ಆ ವಿನಿಮಯ ದರ ಸಾಮಾನ್ಯವಾಗಿ ನಿಮಗೆ ನಷ್ಟದ್ದು.

ಟ್ರಾವೆಲ್ಸ್‌ನವರು ಪ್ಯಾಕೇಜಿನ ಮೇಲೆ ಹಿಡಿಯುವ ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಕಂಡು ಹಲವರು ಗಾಬರಿಯಾಗುತ್ತಾರೆ. ಅದು ಕಳೆದುಹೋದ ಹಣವಲ್ಲ. ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮೆಯಾಗಿ, ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಹೊಂದಿಕೆಯಾಗುತ್ತದೆ ಅಥವಾ ಮರಳಿ ಬರುತ್ತದೆ. ಆದರೆ ಹೊರಡುವ ದಿನ ಅಷ್ಟು ನಗದು ಕೈಯಲ್ಲಿರಬೇಕು. ರಿಟರ್ನ್ ಸಲ್ಲಿಸುವ ರೂಢಿಯಿಲ್ಲದವರು ಅದನ್ನು ಬಿಟ್ಟುಕೊಟ್ಟಂತೆಯೇ.

"ಬ್ಯಾಗು ನೋಡಿಕೊಳ್ಳಲು ಒಬ್ಬರಿದ್ದರೆ ಲಾಕರ್ ದುಡ್ಡು ಉಳಿಯುತ್ತದೆ"

ಈ ಲೇಖನ ಬರೆಯಲು ನಿಜವಾದ ಕಾರಣ ಇದು. ವಂಡರ್‌ಲಾದ ನೀರಿನ ಆಟಗಳಿಗೆ ನೈಲಾನ್ ಅಥವಾ ಸಿಂಥೆಟಿಕ್ ಬಟ್ಟೆಯೇ ಬೇಕು. ಸೀರೆ, ಹತ್ತಿಯ ಚೂಡಿದಾರ್, ಜೀನ್ಸ್ ನಡೆಯುವುದಿಲ್ಲ. ಇದು ಗೊತ್ತಿಲ್ಲದೆ ಹೋದ ಕುಟುಂಬ ಅಲ್ಲೇ ಮಕ್ಕಳಿಗೂ ಅಪ್ಪನಿಗೂ ಬಟ್ಟೆ ಹೊಂದಿಸುತ್ತದೆ. ಅಷ್ಟರಲ್ಲಿ ಖರ್ಚು ಏರಿದ್ದು ಕಂಡು ಅಮ್ಮ, "ನನಗೆ ಬೇಡ, ನೀವು ಆಡಿ ಬನ್ನಿ, ನಾನು ಬ್ಯಾಗು ನೋಡಿಕೊಳ್ಳುತ್ತೇನೆ" ಎನ್ನುತ್ತಾಳೆ. ಮನೆಯವರು ಅದನ್ನು ಉಳಿತಾಯ ಎಂದುಕೊಳ್ಳುತ್ತಾರೆ. ಲೆಕ್ಕ ತಿರುಗಿಸಿ ನೋಡಿ: ಅವಳಿಗೂ ಪೂರ್ತಿ ಟಿಕೆಟ್ ಕೊಟ್ಟಾಗಿದೆ. ಲಾಕರಿನ ಬಾಡಿಗೆ ಮತ್ತು ಒಂದು ಜೊತೆ ಬಟ್ಟೆ ಉಳಿಸಲು ಹೋಗಿ, ಅವೆರಡಕ್ಕಿಂತ ದೊಡ್ಡ ಮೊತ್ತವನ್ನು ಬೆಂಚಿನ ಮೇಲೆ ಕೂರಿಸಿದಿರಿ. ಇಡೀ ಬಜೆಟ್‌ನಲ್ಲಿ ಇದಕ್ಕಿಂತ ದೊಡ್ಡ ಪೋಲು ಇನ್ನೊಂದಿಲ್ಲ. ಅವಳು ನಿಜಕ್ಕೂ ನೀರಿಗೆ ಇಳಿಯಲು ಇಷ್ಟಪಡದಿದ್ದರೆ ಸರಿ. ಆದರೆ ಕಾಸಿನ ಲೆಕ್ಕ ಮಾಡಿ ಹಿಂದೆ ಸರಿಯುವವರೇ ಹೆಚ್ಚು, ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ.

ಹೊರಡುವುದಕ್ಕೆ ವಾರ ಮೊದಲೇ ಊರಿನ ಬಟ್ಟೆ ಅಂಗಡಿಯಲ್ಲಿ ನೈಲಾನ್ ಟೀ ಶರ್ಟು, ಲೆಗ್ಗಿಂಗ್ಸು ಕೊಂಡರೆ ಕಡಿಮೆ ಬೆಲೆಗೆ ಸಿಗುತ್ತವೆ, ಮುಂದಿನ ವರ್ಷಕ್ಕೂ ಬರುತ್ತವೆ. ಟವೆಲ್ಲು, ಒದ್ದೆ ಬಟ್ಟೆಗೊಂದು ಪ್ಲಾಸ್ಟಿಕ್ ಚೀಲ ಮನೆಯಿಂದಲೇ ಬರಲಿ. ನಿಮ್ಮ ಬಜೆಟ್ ಪಟ್ಟಿಯಲ್ಲಿ ಟಿಕೆಟ್‌ನ ಕೆಳಗೆ ಎರಡು ಸಾಲು ಈಗಲೇ ಸೇರಿಸಿ: ಅಮ್ಮನಿಗೆ ಒಂದು ಜೊತೆ ಬಟ್ಟೆ, ಎಲ್ಲರ ಬ್ಯಾಗಿಗೆ ಒಂದು ಲಾಕರ್.