ಬೆಲ್ಟ್ ಕಚ್ಚುವುದು ಬೇರೆ, ಬಿಗಿಯುವುದು ಬೇರೆ

ಪ್ರಶ್ನೆ: ಹಳೆಯ ಕಾರಿನ ಸೀಟ್ ಬೆಲ್ಟ್ ಮೆಲ್ಲಗೆ ಎಳೆದರೆ ಬರುತ್ತದೆ, ಜಗ್ಗಿದರೆ ಕಚ್ಚಿಕೊಳ್ಳುತ್ತದೆ. ಟೆನ್ಷನರ್ ಅಂದರೆ ಇದೇನಾ?
– ಓದುಗರು, ಊರಿಗಾಂ, ಕೆಜಿಎಫ್

ಉತ್ತರ: ಅಲ್ಲ, ಇದು ರೀಲಿನ ಲಾಕ್. ರೀಲಿನೊಳಗಿನ ಸುರುಳಿ ಸ್ಪ್ರಿಂಗ್ ಬೆಲ್ಟನ್ನು ಸದಾ ಒಳಕ್ಕೆ ಎಳೆಯುತ್ತಿರುತ್ತದೆ. ಜೊತೆಗೊಂದು ಉಕ್ಕಿನ ಗುಂಡು ಅಥವಾ ಲೋಲಕವಿರುತ್ತದೆ. ಬಂಗಾರಪೇಟೆ ರಸ್ತೆಯಲ್ಲಿ ದನ ಅಡ್ಡಬಂದು ಗಕ್ಕನೆ ಬ್ರೇಕ್ ಒತ್ತಿದರೆ ಗುಂಡು ಮುಂದಕ್ಕೆ ಉರುಳಿ, ಸನ್ನೆಯನ್ನು ಎತ್ತಿ, ಹಲ್ಲಿನ ಚಕ್ರವನ್ನು ತಡೆಯುತ್ತದೆ. ಕಡಿದಾದ ಇಳಿಜಾರಿನಲ್ಲಿ ನಿಲ್ಲಿಸಿದ ಕಾರಿನ ಬೆಲ್ಟ್ ಸತಾಯಿಸುವುದೂ ಇದರಿಂದಲೇ. ಕೈಯಲ್ಲಿ ಜಗ್ಗಿದಾಗ ಕಚ್ಚುವುದು ಇನ್ನೊಂದು ಏರ್ಪಾಟು. ರೀಲು ರಭಸದಿಂದ ತಿರುಗಿದರೆ ಸಾಕು.

ಲಾಕ್ ಬೆಲ್ಟನ್ನು ಹಿಡಿಯುತ್ತದೆ, ಹಿಂದಕ್ಕೆ ಎಳೆಯುವುದಿಲ್ಲ. ಮೈಗೂ ಬೆಲ್ಟಿಗೂ ನಡುವೆ ಸಡಿಲಿದ್ದರೆ ಅದು ಹಾಗೇ ಉಳಿಯುತ್ತದೆ.

ಆ ಸಡಿಲನ್ನು ತೆಗೆಯುವುದು ಟೆನ್ಷನರ್. 1981ರಲ್ಲಿ ಮರ್ಸಿಡಿಸ್ ತನ್ನ ಎಸ್-ಕ್ಲಾಸ್‌ನಲ್ಲಿ ಇದನ್ನು ಏರ್‌ಬ್ಯಾಗ್ ಜೊತೆಗೆ ತಂದಿತು. ಡಿಕ್ಕಿಯಾದೊಡನೆ ಸೆನ್ಸರ್ ಚಿಟಿಕೆಯಷ್ಟು ಮದ್ದನ್ನು ಸಿಡಿಸುತ್ತದೆ. ಅದರ ಅನಿಲ ಪಿಸ್ಟನ್ ತಳ್ಳಿ, ರೀಲನ್ನು ಹಿಂದಕ್ಕೆ ಸುತ್ತುತ್ತದೆ. ಕೆಜಿಎಫ್ ಗಣಿಯಲ್ಲಿ ಬಂಡೆ ಸೀಳಿದ ಸಿಡಿಮದ್ದಿನ ಪುಟಾಣಿ ತಮ್ಮನಿದ್ದಂತೆ. ಮದ್ದೇ ಇಲ್ಲದ ದಾರಿಯೂ ಇತ್ತು: 1986ರಲ್ಲಿ ಆಡಿ ಕಂಪನಿ ತಂದ ‘ಪ್ರೊಕಾನ್-ಟೆನ್’. ಮುಂದಿನಿಂದ ಗುದ್ದಿದಾಗ ಎಂಜಿನ್ ಹಿಂದಕ್ಕೆ ಸರಿಯುತ್ತಲೇ ಉಕ್ಕಿನ ಕೇಬಲ್‌ಗಳನ್ನು ಎಳೆದು, ಬೆಲ್ಟ್ ಬಿಗಿದು, ಸ್ಟೀರಿಂಗನ್ನು ಚಾಲಕನಿಂದ ದೂರ ಸರಿಸುತ್ತಿತ್ತು.

ನಮ್ಮಲ್ಲಿ 1994ರಲ್ಲಿ ಹೊಸ ಕಾರುಗಳ ಮುಂದಿನ ಸೀಟಿಗೆ ಬೆಲ್ಟ್ ಕಡ್ಡಾಯವಾಯಿತು. ಆದರೂ ಹಳೆಯ ಮಾರುತಿ 800ರಂಥ ಕಾರುಗಳಲ್ಲಿ ಟೆನ್ಷನರ್ ಇರಲಿಲ್ಲ. ಇರುವ ಕಾರಿನಲ್ಲಿ ಅದು ಒಮ್ಮೆ ಸಿಡಿದರೆ ಮುಗಿಯಿತು, ಹೊಸದನ್ನೇ ಹಾಕಿಸಬೇಕು. ಗುಜರಿಯಿಂದ ತಂದು ಕೂರಿಸುವುದಾಗಲಿ, ಮನೆಯಲ್ಲೇ ಬಿಚ್ಚಿ ನೋಡುವುದಾಗಲಿ ಬೇಡ, ಒಳಗಿರುವುದು ಸ್ಫೋಟಕ.