ಆಪರೇಷನ್ನಿನ ಆಚೆಗೂ ದಾರಿಯಿದೆ

ಕಣ್ಣಿನ ಬಗ್ಗೆ ಸಂವಾದ ನಡೆದಾಗಲೆಲ್ಲ ವೀಕ್ಷಕರಿಂದ ತಪ್ಪದೆ ಬರುವ ಪ್ರಶ್ನೆ ಒಂದು: “ಆಪರೇಷನ್ ಮಾಡಿಸಿದರೆ ಸರಿಹೋಗುತ್ತದೆಯೇ?” ಇದಕ್ಕೆ ಉತ್ತರ ಕಣ್ಣಿನ ಯಾವ ಭಾಗ ಕೆಟ್ಟಿದೆ ಎಂಬುದನ್ನು ಅವಲಂಬಿಸಿದೆ.

ಕಣ್ಣನ್ನು ಒಂದು ಕ್ಯಾಮೆರಾ ಎಂದು ಭಾವಿಸಿ. ಮುಂದಿನ ಮಸೂರ ಮಬ್ಬಾದರೆ ಅದು ಪೊರೆ. ಮಬ್ಬಾದುದನ್ನು ತೆಗೆದು ಕೃತಕ ಮಸೂರ ಕೂರಿಸಿದರೆ ದೃಷ್ಟಿ ಮರಳುತ್ತದೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿನ ಶಿಬಿರಗಳಲ್ಲಿ ಅಸಂಖ್ಯ ಜನರ ಪೊರೆ ತೆಗೆದರು. ಕೃತಕ ಮಸೂರ ಬಳಕೆಗೆ ಬರುವ ಮುನ್ನ ಆಪರೇಷನ್ ಆದವರಿಗೆ ದಪ್ಪ ಗಾಜಿನ ಕನ್ನಡಕವೇ ಗತಿಯಾಗಿತ್ತು.

ಆದರೆ ಹಿಂಭಾಗದ ಅಕ್ಷಿಪಟಲವಾಗಲಿ, ಅಲ್ಲಿಂದ ಮಿದುಳಿಗೆ ಸಂದೇಶ ಒಯ್ಯುವ ದೃಷ್ಟಿನರವಾಗಲಿ ಕೆಟ್ಟರೆ ಮಾತು ಬೇರೆ. ಗ್ಲಾಕೋಮಾದಲ್ಲಿ ದೃಷ್ಟಿನರ ನಿಧಾನವಾಗಿ ಸಾಯುತ್ತದೆ. ಸಾಮಾನ್ಯವಾಗಿ ನೋವಿರುವುದಿಲ್ಲ; ಮೊದಲು ಅಕ್ಕಪಕ್ಕದ ನೋಟ ಹೋಗುವುದರಿಂದ ಗೊತ್ತಾಗುವುದೇ ತಡ. ಹೋದದ್ದನ್ನು ಮರಳಿ ತರಲಾಗದು, ಉಳಿದದ್ದನ್ನು ಔಷಧಿಯಿಂದ ಕಾಪಾಡಬಹುದು. ಆದ್ದರಿಂದ ಮನೆಯಲ್ಲಿ ಒಬ್ಬರಿಗೆ ಈ ಕಾಯಿಲೆ ಇದ್ದರೆ ಅವರ ಒಡಹುಟ್ಟಿದವರೂ ಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆ ಅಕ್ಷಿಪಟಲವನ್ನು ತೋರಿಸಿಕೊಳ್ಳಬೇಕು. ನಿಮ್ಮ ಅಜ್ಜಿ, ತಾತಂದಿರಿಗೆ ಇದನ್ನು ಹೇಳುವವರು ನೀವೇ ಆಗಿರಿ.

“ಇನ್ನು ಚಿಕಿತ್ಸೆಯಿಲ್ಲ” ಎಂದು ವೈದ್ಯರು ಹೇಳಿದರೆ ಎಲ್ಲ ಮುಗಿಯಿತೇ? ಇಲ್ಲ. ಆದರೆ ಅನೇಕ ಕುಟುಂಬಗಳು ಅಲ್ಲಿಗೇ ಕೈಚೆಲ್ಲುತ್ತವೆ. ಓದುತ್ತಿದ್ದ ಮಗು ಮನೆಯಲ್ಲೇ ಉಳಿಯುತ್ತದೆ.

ದೃಷ್ಟಿ ಕುಂದಿದವರಲ್ಲಿ ಬಹುಪಾಲು ಜನರಿಗೆ ಅಷ್ಟಿಷ್ಟು ಕಾಣುತ್ತಿರುತ್ತದೆ. ವೈದ್ಯರ ಚೀಟಿಯಲ್ಲಿ 6/18 ಎಂದು ಬರೆದಿದ್ದರೆ, ಇತರರು 18 ಮೀಟರಿನಿಂದ ಓದುವ ಅಕ್ಷರಕ್ಕೆ ಇವರು 6 ಮೀಟರಿನಷ್ಟು ಹತ್ತಿರ ಬರಬೇಕು ಎಂದರ್ಥ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಕನ್ನಡಕ ಹಾಕಿದ ಮೇಲೂ ಉತ್ತಮ ಕಣ್ಣಿನ ದೃಷ್ಟಿ 6/18ನ್ನು ಮೀರದಿದ್ದರೆ ಮಂದದೃಷ್ಟಿ ಎಂದೂ, 3/60ಕ್ಕಿಂತ ಕಡಿಮೆಯಿದ್ದರೆ ಅಂಧತ್ವವೆಂದೂ ಗುರುತಿಸುತ್ತದೆ. ನೋಟದ ಹರವು ತೀರ ಕಿರಿದಾದರೂ ಇದೇ ಲೆಕ್ಕ.

ಮಂದದೃಷ್ಟಿಯವರಿಗೆ ಭೂತಗನ್ನಡಿ, ಪುಸ್ತಕದ ಮೇಲೆ ಬೀಳುವ ಒಳ್ಳೆಯ ದೀಪ, ದಪ್ಪಕ್ಷರದ ಪಾಠ, ಮೊದಲ ಬೆಂಚು, ಇಷ್ಟೇ ಎಷ್ಟೋ ಸಲ ಸಾಕು. ಏನೂ ಕಾಣದವರಿಗೆ ಬ್ರೈಲ್ ಇದೆ. ಆರು ಚುಕ್ಕೆಗಳ ಈ ಲಿಪಿಗೆ 1951ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಹೊಂದುವ ರೂಪ ಕೊಡಲಾಯಿತು; ಕನ್ನಡದ ‘ಕ’ಕ್ಕೂ ಇಂಗ್ಲಿಷಿನ ‘ಕೆ’ಗೂ ಒಂದೇ ಚುಕ್ಕೆಗಳು. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಕಂಪ್ಯೂಟರಿನ ಪರದೆಯನ್ನು ಕನ್ನಡದಲ್ಲೂ ಓದಿ ಹೇಳುತ್ತದೆ. ಬಿಳಿಕೋಲು ಹಿಡಿದು ನಡೆಯುವುದೂ ಕಲಿಯಬೇಕಾದ ವಿದ್ಯೆ, ಅದಕ್ಕೆ ತರಬೇತಿಯಿದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವಿಕಲತೆಯ ಪ್ರಮಾಣಪತ್ರ ಇರುವವರಿಗೆ ಸರ್ಕಾರಿ ಕಾಲೇಜುಗಳಲ್ಲಿ, ನೌಕರಿಯಲ್ಲಿ ಮೀಸಲಾತಿಯುಂಟು. ಪರೀಕ್ಷೆಯಲ್ಲಿ ಉತ್ತರ ಬರೆದುಕೊಡಲು ಸಹಾಯಕರನ್ನು ಪಡೆಯಬಹುದು.

ಸವಲತ್ತುಗಳು ಕಾಗದದ ಮೇಲಿವೆ. ಅವು ಕೈಗೆ ತಲುಪಬೇಕಾದರೆ ಕಣ್ಣಾಸ್ಪತ್ರೆ, ಶಾಲೆ, ಮನೆ ಮೂರೂ ಒಂದನ್ನೊಂದು ಬಲ್ಲವಾಗಿರಬೇಕು. ಚಿಕಿತ್ಸೆಯಿಲ್ಲ ಎನ್ನುವ ವೈದ್ಯರೇ ಮುಂದೆ ಎಲ್ಲಿಗೆ ಹೋಗಬೇಕೆಂದೂ ಬರೆದುಕೊಟ್ಟರೆ ಅರ್ಧ ಕೆಲಸ ಆದಂತೆ.

ಉಳಿದರ್ಧದಲ್ಲಿ ನಿಮಗೂ ಪಾಲಿದೆ. ತರಗತಿಯಲ್ಲಿ ಕಣ್ಣು ಕಿರಿದುಮಾಡಿ ಬೋರ್ಡು ನೋಡುವ, ಪುಸ್ತಕವನ್ನು ಮೂಗಿನ ಬಳಿಗೆ ಹಿಡಿಯುವ ಗೆಳೆಯರಿದ್ದರೆ ದಡ್ಡರೆಂದು ನಗಬೇಡಿ, ಮೇಷ್ಟರಿಗೆ ತಿಳಿಸಿ. ರಸ್ತೆ ದಾಟಲು ನಿಂತವರ ಕೋಲನ್ನಾಗಲಿ ಕೈಯನ್ನಾಗಲಿ ಹಿಡಿದೆಳೆಯಬೇಡಿ. ಸಹಾಯ ಬೇಕೇ ಎಂದು ಕೇಳಿ, ನಿಮ್ಮ ಮೊಣಕೈ ನೀಡಿ. ಅವರು ಅದನ್ನು ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆಯುತ್ತಾರೆ. ಪರೀಕ್ಷೆ ಬರೆದುಕೊಡುವ ಅವಕಾಶ ಬಂದರೆ ನಿಯಮ ತಿಳಿದು ಒಪ್ಪಿಕೊಳ್ಳಿ. ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆಯಿರಿ. ಉತ್ತರ ಅವರದು, ಅಕ್ಷರ ಮಾತ್ರ ನಿಮ್ಮದು.